ತೆಂಗಿನ ತೋಟಕ್ಕೆ ಪೆಟ್ರೋಲ್ ಕಳೆ ಮಿಷನ್: 2 ಸ್ಟ್ರೋಕಾ, 4 ಸ್ಟ್ರೋಕಾ? ದಾರಾನಾ, ಬ್ಲೇಡಾ?

ನಾಲೆಬಯಲು
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಒಂದೂಮುಕ್ಕಾಲು ಎಕರೆ ತೆಂಗಿನ ತೋಟ. ಹಳೇ ಮರ ಅರವತ್ತು, ಹೋದ ವರ್ಷ ನೆಟ್ಟ ಸಸಿ ಮೂವತ್ತು. ಒಂದು ಮೂಲೇಲಿ ಹತ್ತು ಗುಂಟೆ ಸೀಮೆಹುಲ್ಲು, ಎರಡು ಹಸುಗೆ. ಮೃಗಶಿರ ಮಳೆ ಬಿದ್ದು ಹದಿನೈದೇ ದಿನಕ್ಕೆ ಕಳೆ ಮೊಣಕಾಲು ಮುಟ್ಟಿದೆ. ಕಾಂಗ್ರೆಸ್ ಗಿಡ, ಉತ್ತರಾಣಿ, ಗರಿಕೆ, ಜೇಕು ಎಲ್ಲಾ ಇದೆ. ನಾಲೆ ಕಡೆ ಬದು ಮೇಲೆ ಲಂಟಾನ ಬೇರೆ.

ಅಪ್ಪ ಇರೋವರೆಗೂ ಕುಡ್ಲು ಹಿಡಿದು ದಿನಾ ಬೆಳಗ್ಗೆ ಎರಡು ಸಾಲು ಅಂತ ಕುಯ್ತಾ ಇದ್ರು, ತೋಟ ಅಂಗಳದ ಥರ ಇರ್ತಿತ್ತು. ನಾನು ಮೈಸೂರಲ್ಲಿ ಕೆಲಸ ಮಾಡೋನು, ಶನಿವಾರ ಭಾನುವಾರ ಮಾತ್ರ ಊರಿಗೆ ಬರ್ತೀನಿ. ಆಳು ಸಿಗಲ್ಲ. ಅದಕ್ಕೆ ಮಿಷನ್ ತಗೊಳೋಣ ಅಂತ. ಒಂದು ಅಂಗಡಿಲಿ 52 ಸಿಸಿ 2 ಸ್ಟ್ರೋಕ್ ತೋರಿಸಿ ಇದರ ಮುಂದೆ ಇನ್ಯಾವುದೂ ನಿಲ್ಲಲ್ಲ ಅಂದ್ರು. ಇನ್ನೊಂದು ಅಂಗಡಿಲಿ 35 ಸಿಸಿ 4 ಸ್ಟ್ರೋಕ್, ಅದರ ಬೆಲೆ ಹತ್ತಿರ ಹತ್ತಿರ ಮೂರರಷ್ಟು. ಯಾವುದು ತಗೊಳ್ಲಿ? ನೈಲಾನ್ ದಾರದಲ್ಲೇ ಎಲ್ಲಾ ಆಗುತ್ತಾ, ಬ್ಲೇಡೂ ಬೇಕಾ? ಬೆನ್ನಿಗೆ ಹಾಕೋದೋ, ಪಕ್ಕಕ್ಕೆ ನೇತಾಕೋದೋ? ಓಡಿಸಿ ಅನುಭವ ಇರೋರು ಹೇಳಿ.

ತೋಟದಮನೆ ಮದ್ದೂರು
4 ಸ್ಟ್ರೋಕ್ ತಗಳಿ, ಕಣ್ಮುಚ್ಕಂಡು.

ಗ್ಯಾರೇಜು ಮಂಡ್ಯ
ಕಣ್ಮುಚ್ಕಂಡು ಯಾವ್ದೂ ತಗಬ್ಯಾಡಿ ಅಣ್ಣ. ನಾನು ಈ ಮಿಷನ್ ರಿಪೇರಿ ಮಾಡೋನು. ಮಳೆಗಾಲ ಬಂದ್ರೆ ಅಂಗಡಿ ಮುಂದೆ ಇಪ್ಪತ್ತು ಮಿಷನ್ ಸಾಲಾಗಿ ನಿಂತಿರ್ತವೆ. ಅದ್ರಲ್ಲಿ ನಿಜವಾಗ್ಲೂ ಕೆಟ್ಟಿರೋವು ನಾಕೋ ಐದೋ. ಮಿಕ್ಕಿದ್ದೆಲ್ಲಾ ಹೋದ ವರ್ಷದ ಪೆಟ್ರೋಲು ಟ್ಯಾಂಕಲ್ಲೇ ಕೂತು ಕಾರ್ಬರೇಟರ್ ಕಟ್ಕಂಡಿರೋವು, ಇಲ್ಲಾ ಆಯಿಲ್ ಲೆಕ್ಕ ತಪ್ಪಿರೋವು.

ಮೊದ್ಲು ಸಿಸಿ ವಿಚಾರ. 52 ಸಿಸಿ ಅಂದ್ರೆ ಜೋರು ಅನ್ನೋದು ತಪ್ಪು ಲೆಕ್ಕ. ಕಮ್ಮಿ ಬೆಲೆದು 52 ಸಿಸಿ ಇರ್ತದೆ, ಒಳ್ಳೇ ಕಂಪನೀದು 40 ಸಿಸಿ ಇರ್ತದೆ, ಕೆಲ್ಸ ಎರಡೂ ಒಂದೇ ಮಾಡ್ತವೆ. ಸ್ಟಿಲ್ ಎಫ್ಎಸ್ 250 ಬರೀ 40.2 ಸಿಸಿ, 1.6 ಕಿಲೋವಾಟ್ ಕೊಡ್ತದೆ. ಹೋಂಡಾ ಜಿಎಕ್ಸ್ 35 ಇಂಜಿನ್ನು 35.8 ಸಿಸಿ, 1 ಕಿಲೋವಾಟ್. ನಿಮ್ಮ ಹುಲ್ಲಿಗೆ ಅದೇ ಸಾಕು. ಬದು ಮೇಲಿನ ಲಂಟಾನ ಬೊಡ್ಡೆ ಹೆಬ್ಬೆರಳು ದಪ್ಪ ದಾಟಿದ್ರೆ ಮಾತ್ರ ಜಾಸ್ತಿ ಪವರ್ ಬೇಕಾಯ್ತದೆ.

ಎರಡ್ನೇದು, ನೀವು ವಾರಕ್ಕೊಂದ್ಸಲ ಬರೋರು. ಪೆಟ್ರೋಲು ಆಯಿಲ್ ಬೆರೆಸೋದು, ಅಳತೆ ನೋಡೋದು, ಮಿಕ್ಕಿದ್ದುನ್ನ ಚೆಲ್ಲೋದು, ಇದುಕ್ಕೆಲ್ಲಾ ತಾಳ್ಮೆ ಇದ್ರೆ 2 ಸ್ಟ್ರೋಕ್. ಇಲ್ದಿದ್ರೆ 4 ಸ್ಟ್ರೋಕ್. ಅಷ್ಟೇ.

ಸಂತೇಮಾಳ
4 ಸ್ಟ್ರೋಕಿಗೂ ಸ್ವಲ್ಪ 2ಟಿ ಆಯಿಲ್, ಅಂದ್ರೆ 2 ಸ್ಟ್ರೋಕಿಗೆ ಬೆರೆಸೋದು, ಪೆಟ್ರೋಲಿಗೆ ಹಾಕಿದ್ರೆ ಇಂಜಿನ್ ಬಾಳಿಕೆ ಬರುತ್ತೆ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡ್ತಾರೆ.

ಗ್ಯಾರೇಜು ಮಂಡ್ಯ
ಬ್ಯಾಡ ಅಣ್ಣ, ದಯವಿಟ್ಟು ಮಾಡ್ಬ್ಯಾಡಿ. 4 ಸ್ಟ್ರೋಕಲ್ಲಿ ಆಯಿಲ್ ಕೆಳಗೆ ಬೇರೆ ಇರ್ತದೆ, ಬೈಕಲ್ಲಿ ಇರೋ ಹಂಗೆ. ಜಿಎಕ್ಸ್ 35ಕ್ಕೆ ಹಿಡಿಯೋದು 100 ಮಿಲಿ, 10ಡಬ್ಲ್ಯೂ30 ಆಯಿಲ್. ಪೆಟ್ರೋಲಿಗೆ ಆಯಿಲ್ ಬೆರೆಸಿದ್ರೆ ವಾಲ್ವ್ ಮೇಲೆ, ಪ್ಲಗ್ ಮೇಲೆ ಮಸಿ ಕೂರ್ತದೆ. ನಿಮ್ಮೂರೋರು ಎಲ್ಲರೂ ಮಾಡ್ತಾರೆ ಅಂದ್ರೆ ನಿಮ್ಮೂರೋರಿಗೆಲ್ಲಾ ಹೇಳಿ. 100 ಮಿಲಿ ಅಂದ್ರೆ ಒಂದು ಲೋಟದ ಅರ್ಧ, ಅಷ್ಟು ಕಮ್ಮಿ ಇರೋದ್ರಿಂದ್ಲೇ ಪ್ರತಿ ಸಲ ಸ್ಟಾರ್ಟ್ ಮಾಡೋಕೆ ಮುಂಚೆ ಮುಚ್ಚಳ ಬಿಚ್ಚಿ ನೋಡ್ಬೇಕು. 20 ಮಿಲಿ ಕಮ್ಮಿ ಆದ್ರೂ ಐದರಲ್ಲಿ ಒಂದು ಪಾಲು ಹೋಯ್ತು ಅಂತ.

ಸೈಟ್ ಕ್ಲೀನಿಂಗ್ ಹುಡುಗ
2 ಸ್ಟ್ರೋಕ್ ಬಗ್ಗೆ ಎಲ್ಲರೂ ಹೆದರಿಸ್ತೀರ. ನಾನು ಮೈಸೂರಲ್ಲಿ ಖಾಲಿ ಸೈಟು ಕ್ಲೀನ್ ಮಾಡಿ ಜೀವನ ಮಾಡೋನು. ಬೋಗಾದಿ, ದಟ್ಟಗಳ್ಳಿ, ವಿಜಯನಗರ ನಾಲ್ಕನೇ ಹಂತ. ದಿನಕ್ಕೆ ಐದಾರು ಗಂಟೆ 2 ಸ್ಟ್ರೋಕ್ ಹೊಡೀತೀನಿ, ನಾಲ್ಕು ವರ್ಷ ಆಯ್ತು, ಇಂಜಿನ್ ಬಿಚ್ಚಿಲ್ಲ. ಹಗುರ ಇರುತ್ತೆ, ಎತ್ತಿದ ತಕ್ಷಣ ರೇಸ್ ಸಿಗುತ್ತೆ, ಎಲ್ಲಿ ಬೇಕಾದ್ರೂ ಪಾರ್ಟ್ಸ್ ಸಿಗುತ್ತೆ.

ಆಯಿಲ್ ಲೆಕ್ಕ ಇಷ್ಟೇ. ಮಿಷನ್ ಜೊತೆ ಕೊಡೋ ಪುಸ್ತಕದಲ್ಲಿ 50:1 ಅಂತ ಇದ್ರೆ ಲೀಟರ್ ಪೆಟ್ರೋಲಿಗೆ 20 ಮಿಲಿ. 40:1 ಇದ್ರೆ 25 ಮಿಲಿ. 25:1 ಇದ್ರೆ 40 ಮಿಲಿ. ಕಮ್ಮಿ ಬೆಲೆ ಮಿಷನ್‌ಗೆ ಸಾಮಾನ್ಯವಾಗಿ 25:1 ಬರೆದಿರ್ತಾರೆ. ಮೆಡಿಕಲ್ ಶಾಪಲ್ಲಿ ಸೂಜಿ ಇಲ್ಲದ 20 ಮಿಲಿ ಸಿರಿಂಜ್ ತಗೊಂಡು ಡಬ್ಬಕ್ಕೇ ಕಟ್ಟಿಟ್ಟುಬಿಡಿ. ಅಂದಾಜಲ್ಲಿ ಹಾಕಬೇಡಿ.

ತೋಟದಮನೆ ಮದ್ದೂರು
ನಮ್ಮ ಪಕ್ಕದ ತೋಟದೋರು ಲೀಟರಿಗೆ 100 ಮಿಲಿ ಹಾಕ್ತಾರೆ. ಜಾಸ್ತಿ ಹಾಕಿದ್ರೆ ನಷ್ಟ ಏನು, ಒಳ್ಳೇದೇ ಅಲ್ವ?

ಗ್ಯಾರೇಜು ಮಂಡ್ಯ
ಆಯಿಲ್ ಕಮ್ಮಿ ಆದ್ರೆ ಪಿಸ್ಟನ್ ಒಂದೇ ದಿನದಲ್ಲಿ ಹಿಡ್ಕತದೆ. ಜಾಸ್ತಿ ಆದ್ರೆ ನಿಧಾನಕ್ಕೆ ಉಸಿರು ಕಟ್ತದೆ. ಸೈಲೆನ್ಸರ್ ಒಳಗೆ ಕಿಡಿ ತಡೆಯೋ ಸಣ್ಣ ಜಾಲರಿ ಇರ್ತದೆ, ಅದು ಮಸಿ ಕಟ್ಟಿ ಮುಚ್ಕತದೆ. ಆಮೇಲೆ 'ಅಣ್ಣಾ, ರೇಸ್ ಕೊಟ್ರೆ ಮೇಲಕ್ಕೇ ಏಳಲ್ಲ' ಅಂತ ತತ್ತಾರೆ. ಜಾಲರಿ ಬಿಚ್ಚಿ ಬ್ರಶ್ಶಲ್ಲಿ ಉಜ್ಜಿದ್ರೆ ಸರಿಹೋಯ್ತದೆ. ಪಕ್ಕದ ತೋಟದೋರ ಮಿಷನ್ನು ಹೊಗೆ ಬುಡ್ತಾ ಇದ್ದದೆ, ನೋಡಿ.

ತೋಟದಮನೆ ಮದ್ದೂರು
ಹೌದು, ಬುಡ್ತದೆ. ಹೇಳ್ತೀನಿ ಅವ್ರಿಗೆ.

ಬಿದಿರುಮೆಳೆ
ನನಗೆ ಅರವತ್ತೆಂಟು. ಕೆ.ಆರ್. ಪೇಟೆ ಕಡೆ. ಮಿಷನ್ ಬೇಡ ಅನ್ನೋನಲ್ಲ, ನಮ್ಮನೇಲೂ ಇದೆ. ಆದ್ರೆ ಒಂದು ಮಾತು. ಮಿಷನ್ ಕಳೆ ತೆಗಿಯಲ್ಲ, ಕಳೆ ಕತ್ತರಿಸುತ್ತೆ. ಗರಿಕೆ, ಜೇಕು ಎರಡೂ ನೆಲದೊಳಗಿನಿಂದ ಬರೋವು. ಜೇಕಿನ ಗಡ್ಡೆ ಒಂದು ಉಳಿದ್ರೂ ಹದಿನೈದು ದಿನಕ್ಕೆ ಮತ್ತೆ ಎದ್ದು ನಿಲ್ಲುತ್ತೆ. ಮಿಷನ್ ಹೊಡೆದು 'ಮತ್ತೆ ಬಂತಲ್ಲ' ಅಂತ ಬೈಕೊಳ್ಳೋರು ಇದನ್ನ ತಿಳ್ಕೊಂಡಿರ್ಬೇಕು. ಪಾತಿ ಒಳಗೆ ಗುದ್ದಲಿ, ಸಾಲಿನ ಮಧ್ಯ ಮಿಷನ್. ಹಾಗೆ ಮಾಡಿ.

ಬಿತ್ತನೆ ಕಾಲ
ಯಜಮಾನ್ರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ತೆಂಗಿನ ತೋಟದಲ್ಲಿ ಬುಡಸಮೇತ ಕೀಳೋ ಅಗತ್ಯಾನೂ ಇಲ್ಲ. ಸಾಲಿನ ಮಧ್ಯ ನಾಲ್ಕು ಬೆರಳು ಎತ್ತರಕ್ಕೆ ಹುಲ್ಲು ಬಿಟ್ಟು ಕುಯ್ದ್ರೆ ಮಣ್ಣು ಕೊಚ್ಚಿ ಹೋಗಲ್ಲ, ಕುಯ್ದಿದ್ದು ಅಲ್ಲೇ ಮುಚ್ಚಿಗೆ ಆಗುತ್ತೆ. ಕಾಂಗ್ರೆಸ್ ಗಿಡದ ವಿಷಯ ಮಾತ್ರ ಬೇರೆ. ಅದು ಹೂ ಬಿಡೋಕೆ ಮುಂಚೆ ಹೊಡೀಬೇಕು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ, ಹೂ ಬಿಟ್ಟ ಮೇಲೆ ಮಿಷನ್ ಹೊಡೆದ್ರೆ ನೀವೇ ತೋಟಕ್ಕೆಲ್ಲಾ ಬಿತ್ತಿದ ಹಾಗೆ. ಮೈಕೈ ಕೆರೆತ, ಕೆಮ್ಮು ಬರೋರು ಉದ್ದ ತೋಳಿನ ಅಂಗಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ.

1984ರಲ್ಲಿ ಬೆಂಗಳೂರಲ್ಲಿ ಈ ಗಿಡ ತಿನ್ನೋ ಮೆಕ್ಸಿಕೋ ದುಂಬಿ ಬಿಟ್ರು. ಮಳೆಗಾಲದಲ್ಲಿ ಎಲೆ ಮೇಲೆ ಬಿಳೀ ಮೈಗೆ ಕಂದು ಗೆರೆ ಇರೋ ಪುಟ್ಟ ದುಂಬಿ ಕಂಡ್ರೆ ಅದೇ. ಅದು ತಿಂತಾ ಇರೋ ಜಾಗ ಸ್ವಲ್ಪ ದಿನ ಹಾಗೇ ಬಿಡಿ.

ಸಂತೇಮಾಳ
ಇಷ್ಟೆಲ್ಲಾ ಯಾಕೆ, ಗ್ಲೈಫೋಸೇಟ್ ಕಳೆನಾಶಕ ಹೊಡೆದ್ರೆ ಹತ್ತು ದಿನಕ್ಕೆ ಕ್ಲೀನ್.

ರೇಷ್ಮೆಗೂಡು
ದಯವಿಟ್ಟು ಈ ಮಾತು ಆಡಬೇಡಿ. ನಮ್ಮದು ಮಳವಳ್ಳಿ ಕಡೆ, ಒಂದು ಎಕರೆ ಹಿಪ್ಪುನೇರಳೆ. ಪಕ್ಕದ ಹೊಲದೋರು ಗಾಳಿ ಇರೋ ಹೊತ್ತಲ್ಲಿ ಕಳೆನಾಶಕ ಹೊಡೆದ್ರು, ನಮ್ಮ ಅಂಚಿನ ನಾಲ್ಕು ಸಾಲು ಸೊಪ್ಪು ಹಳದಿ ತಿರುಗಿತು. ಆ ಸೊಪ್ಪು ರೇಷ್ಮೆ ಹುಳಕ್ಕೆ ಹಾಕೋ ಧೈರ್ಯ ಬರಲಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಹುಳ, ಸೊಪ್ಪು ಸಾಲದೆ ಹೊರಗಿಂದ ಕೊಂಡು ಹಾಕಿದ್ವಿ. ಆ ಬೆಳೆ ಲೆಕ್ಕ ಹಾಕಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ. 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನ ಪರವಾನಗಿ ಇರೋ ಕೀಟ ನಿಯಂತ್ರಕರು ಮಾತ್ರ ಬಳಸ್ಬೇಕು ಅಂತ ಆದೇಶ ಹೊರಡಿಸಿದೆ. ನಾಲೆಬಯಲು ಅವ್ರ ತೋಟದ ಸುತ್ತಾನೂ ಹಿಪ್ಪುನೇರಳೆ ಇರಬಹುದು. ಮಿಷನ್ನೇ ಸರಿ.

ಹಿಪ್ಪುನೇರಳೆ ಸಾಲಲ್ಲಿ ಮಿಷನ್ ಹೊಡೆಯೋರಿಗೂ ಒಂದು ಮಾತು: ಸೊಪ್ಪು ಕುಯ್ದ ಮೇಲೆ, ಚಿಗುರು ಬರೋ ಮುಂಚೆ ಹೊಡೀರಿ. ಎಣ್ಣೆ ಹೊಗೆ, ಧೂಳು ಸೊಪ್ಪಿನ ಮೇಲೆ ಕೂರೋದು ಹುಳಕ್ಕೆ ಒಳ್ಳೇದಲ್ಲ.

ನಾಲೆಬಯಲು
ಹೌದು ಅಕ್ಕ, ಪೂರ್ವದ ಕಡೆ ಪೂರಾ ಹಿಪ್ಪುನೇರಳೆ. ಔಷಧಿ ಯೋಚನೆ ಮಾಡಿಲ್ಲ. ದಾರ, ಬ್ಲೇಡ್ ಬಗ್ಗೆ ಯಾರಾದ್ರೂ ಹೇಳಿ.

ಸೈಟ್ ಕ್ಲೀನಿಂಗ್ ಹುಡುಗ
ನಿಮಗೆ ಮೂರೂ ಬೇಕು. ಹುಲ್ಲು, ಎಳೇ ಕಾಂಗ್ರೆಸ್ ಗಿಡ, ಕಲ್ಲಿರೋ ಜಾಗ, ಕಾಂಪೌಂಡ್ ಪಕ್ಕ: ನೈಲಾನ್ ದಾರ. ಮೊಣಕಾಲಿಗಿಂತ ಎತ್ತರ ಬೆಳೆದು ಬಲಿತ ಉತ್ತರಾಣಿ ಥರದ್ದು: ಮೂರು ಹಲ್ಲಿನ ಬ್ಲೇಡ್. ಲಂಟಾನ ಬೊಡ್ಡೆ, ಸೀಮೆಹುಲ್ಲಿನ ಬುಡ: 40 ಅಥವಾ 80 ಹಲ್ಲಿನ ದುಂಡು ಬ್ಲೇಡ್.

ದಾರದಲ್ಲಿ 2.4 ಎಂಎಂ, 2.7, 3 ಎಂಎಂ ಅಂತ ಬರುತ್ತೆ. ದಪ್ಪ ಇದ್ರೆ ಚೆನ್ನಾಗಿ ಕುಯ್ಯುತ್ತೆ ಅಂದ್ಕೊಂಡು ಸಣ್ಣ ಇಂಜಿನ್‌ಗೆ 3 ಎಂಎಂ ಹಾಕಬೇಡಿ, ಇಂಜಿನ್ ಎಳೆಯಲ್ಲ. ನಿಮ್ಮ 35 ಸಿಸಿಗೆ 2.4 ಸಾಕು. ಅಂಗಡಿಲಿ ವರ್ಷಗಟ್ಟಲೆ ತೂಗುಹಾಕಿದ ದಾರ ಒಣಗಿ ಪಟಪಟ ಅಂತ ಮುರಿಯುತ್ತೆ. ಅದಕ್ಕೆ ಹಿಂದಿನ ರಾತ್ರಿ ಬಕೆಟ್ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಕುಡಿದು ಬಾಗುತ್ತೆ, ಜಾಸ್ತಿ ಹೊತ್ತು ಬರುತ್ತೆ. ನನಗೆ ಇದು ಹೇಳಿಕೊಟ್ಟಿದ್ದು ಕೇರಳದಿಂದ ಬಂದಿದ್ದ ರಬ್ಬರ್ ತೋಟದ ಕೆಲಸಗಾರ.

ಹಸುಕರು ನಾಗಮಂಗಲ
ನಿಲ್ಲಿ ನಿಲ್ಲಿ. ಹಸುಗೆ ಹಾಕೋ ಹುಲ್ಲನ್ನ ದಾರದಲ್ಲಿ ಯಾವತ್ತೂ ಕುಯ್ಬ್ಯಾಡಿ!! ದಾರ ಸವೆದು ಸವೆದು ಚೂರು ಚೂರಾಗಿ ಹುಲ್ಲೊಳಗೆ ಬೀಳ್ತದೆ. ಸಗಣಿಲಿ ನೈಲಾನ್ ಚೂರು ನೋಡಿದ ಮೇಲೆ ನಮ್ಮನೇಲಿ ನಿಲ್ಲಿಸಿದ್ದು. ಹುಲ್ಲೂ ಜಜ್ಜಿ ಮಣ್ಣು ಮೆತ್ಕಂಡು ಹಸು ಮೂಸಿ ಬುಟ್ಬುಡ್ತದೆ. ಮೇವಿಗೆ ಬ್ಲೇಡೇ. ಸೀಮೆಹುಲ್ಲು ನಾನು 80 ಹಲ್ಲಿನದ್ರಲ್ಲಿ ಕುಯ್ತೀನಿ, ಬುಡದಿಂದ ಒಂದು ಗೇಣು ಬುಟ್ಟು. ಕುಡ್ಲಲ್ಲಿ ಕುಯ್ದಂಗೇ ನೀಟಾಗಿ ಮಲಗ್ತದೆ, ಕಟ್ಟು ಕಟ್ಟೋಕೂ ಸಲೀಸು.

ನಾಲೆಬಯಲು
ಇದು ನನ್ನ ತಲೆಗೇ ಹೊಳೆದಿರಲಿಲ್ಲ ಅಣ್ಣ. ಅಮ್ಮ ಬದುವಿನ ಹುಲ್ಲೂ ಹಸುಗೆ ಹಾಕ್ತಾರೆ. ಅವ್ರಿಗೆ ಹೇಳಿಡ್ತೀನಿ.

ಬಿದಿರುಮೆಳೆ
ಎಳೇ ಸಸಿ ಹತ್ರ ದಾರಾನೂ ತರಬೇಡಿ. ದಾರ ಮೆತ್ತಗಿದೆ, ಏನೂ ಆಗಲ್ಲ ಅನ್ಕೊಳ್ತಾರೆ. ಬುಡದ ಸುತ್ತ ಒಂದು ಸುತ್ತು ಬಡಿದ್ರೆ ಸಿಪ್ಪೆ ಹೋಗುತ್ತೆ. ಮಾವು, ಸಪೋಟ, ನಿಂಬೆ ಸಸಿ ಆದ್ರೆ ಅಲ್ಲಿಗೆ ಮುಗೀತು, ನಿಂತಲ್ಲೇ ಒಣಗುತ್ತೆ. ತೆಂಗಿನ ಸಸಿ ಬುಡ ಗಾಯ ಆದ್ರೆ ಹುಳ ಬೀಳುತ್ತೆ. ಸಸಿ ಸುತ್ತ ಎರಡಡಿ ಕೈಯಲ್ಲೇ ಕೀಳಿ, ಅಲ್ಲಿಗೆ ತೆಂಗಿನ ಸಿಪ್ಪೆ ಮುಚ್ಚಿ. ಆಗ ಮಿಷನ್ ಹತ್ರ ಹೋಗೋ ಪ್ರಮೇಯಾನೇ ಬರಲ್ಲ.

ತೋಟದಮನೆ ಮದ್ದೂರು
ಡ್ರಿಪ್ ಪೈಪೂ ಹೇಳಿ ಅಣ್ಣ. ನಾನು ಮೊದಲ್ನೇ ದಿನ ಹನ್ನೊಂದು ಕಡೆ ಕಟ್ ಮಾಡಿದ್ದೆ. ಈಗ ಕಳೆ ಹೊಡೆಯೋ ಹಿಂದಿನ ದಿನ ಪೈಪೆಲ್ಲಾ ಎತ್ತಿ ಮರಕ್ಕೆ ಸುತ್ತಾಕ್ತೀನಿ.

ಕೈತೋಟ ಬೋಗಾದಿ
ನಾನು ಮೈಸೂರಿನವಳು, ಮನೆ ಪಕ್ಕ ಖಾಲಿ ಸೈಟು. ಮಾಲೀಕರು ಬೆಂಗಳೂರಲ್ಲಿ ಇದ್ದಾರೆ, ಫೋನ್ ಎತ್ತಲ್ಲ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆಯುತ್ತೆ, ಹಾವು ನಮ್ಮ ಹಿತ್ತಲಿಗೆ ಬರುತ್ತೆ. ವರ್ಷಕ್ಕೆರಡು ಸಲ ನಮ್ಮ ದುಡ್ಡಲ್ಲೇ ಕ್ಲೀನ್ ಮಾಡಿಸ್ತೀವಿ. ನಾನು ಹೇಳಬೇಕಾಗಿರೋದು ಕನ್ನಡಕದ ವಿಷಯ.

ಹೋದ ವರ್ಷ ಹೊಡೆಯೋಕೆ ಬಂದ ಹುಡುಗನ ಜೊತೆ ನಮ್ಮ ಅಕ್ಕನ ಮಗ ನಿಂತು ನೋಡ್ತಾ ಇದ್ದ. ಏಳೆಂಟು ಮಾರು ದೂರ. ಹುಲ್ಲೊಳಗೆ ಯಾರೋ ಎಸೆದ ಬಾಟಲಿ ಇತ್ತು. ಬ್ಲೇಡ್ ತಗುಲಿ ಗಾಜಿನ ಚೂರು ಹಾರಿ ಅವನ ಕಣ್ಣಿನ ಕೆಳಗೆ ಬಿತ್ತು. ಕೆಳಗೆ, ದೇವರ ದಯೆ. ಐದು ಹೊಲಿಗೆ. ಅರ್ಧ ಇಂಚು ಮೇಲೆ ಬಿದ್ದಿದ್ರೆ ಏನಾಗ್ತಿತ್ತು ಅಂತ ನೆನೆಸಿಕೊಂಡ್ರೆ ಇವತ್ತಿಗೂ ಕೈ ನಡುಗುತ್ತೆ. ಮಿಷನ್ ಹಿಡಿದ ಹುಡುಗನ ಕಣ್ಣಿಗೂ ಏನೂ ಇರಲಿಲ್ಲ. ದಯವಿಟ್ಟು ಕನ್ನಡಕ ಹಾಕದೆ ಯಾರೂ ಮಿಷನ್ ಎತ್ತಬೇಡಿ, ಮಕ್ಕಳನ್ನ ಹತ್ರ ಬಿಡಬೇಡಿ.

ಸೈಟ್ ಕ್ಲೀನಿಂಗ್ ಹುಡುಗ
ಅಕ್ಕ, ಓದಿ ಸಂಕಟ ಆಯ್ತು. ಖಾಲಿ ಸೈಟಲ್ಲಿ ಬಾಟಲಿ ಇಲ್ಲದೇ ಇರೋದೇ ಇಲ್ಲ. ನಾನು ಮೊದಲು ದೊಣ್ಣೆ ಹಿಡಿದು ಪೂರಾ ನಡೆದುಬರ್ತೀನಿ. ಬಾಟಲಿ, ಕಂಬಿ, ಸೀರೆ ತುಂಡು ಎಲ್ಲಾ ಎತ್ತಿ ಆಮೇಲೆ ಸ್ಟಾರ್ಟ್. ಬಟ್ಟೆ ತುಂಡು ಸುತ್ತಿಕೊಂಡ್ರೆ ಬ್ಲೇಡ್ ತಿರುಗಿಸೋ ಗೇರ್ ತಲೆ ಹೋಗುತ್ತೆ. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಪುಸ್ತಕದಲ್ಲೇ ಬರೆದಿರುತ್ತೆ, ಅದು ಸುಮ್ಮನೆ ಬರೆದಿದ್ದಲ್ಲ. ಮುಖಕ್ಕೆ ಜಾಲರಿ ಇರೋ ಶೀಲ್ಡ್, ಅದರೊಳಗೆ ಕನ್ನಡಕ, ಕಿವಿಗೆ ಪ್ಲಗ್, ಕಾಲಿಗೆ ಗಮ್ ಬೂಟು.

ಇನ್ನೊಂದು ಯಾರೂ ಹೇಳಲ್ಲ. ಕೈ. ಮೊದಲ ವರ್ಷ ರಾತ್ರಿ ಮಲಗಿದ್ರೆ ಬೆರಳು ಜುಮುಜುಮು ಅನ್ನೋದು, ಬೆಳಗ್ಗೆ ಟೀ ಲೋಟ ಹಿಡಿಯೋಕೆ ಆಗ್ತಿರಲಿಲ್ಲ. ಅದು ಮಿಷನ್ನಿನ ನಡುಕದಿಂದ ಬರೋದು, ಬಿಟ್ಟರೆ ಬೆರಳಿನ ರಕ್ತನಾಳಾನೇ ಕೆಡುತ್ತೆ. ಈಗ ಅರ್ಧ ಗಂಟೆ ಹೊಡೆದ್ರೆ ಹತ್ತು ನಿಮಿಷ ಬಿಡ್ತೀನಿ. ಹಿಡಿಯ ರಬ್ಬರ್ ಸವೆದ ತಕ್ಷಣ ಬದಲಾಯಿಸ್ತೀನಿ.

ಹಸುಕರು ನಾಗಮಂಗಲ
ಹಾವಿನ ಮಾತು ಬಂತಲ್ಲ. ನಮ್ಮ ಕಡೆ ಕೊಳಕುಮಂಡಲ ಜಾಸ್ತಿ. ಅದು ಸದ್ದಿಗೆ ಓಡಲ್ಲ, ಸುತ್ಕಂಡು ಅಲ್ಲೇ ಮಲಗಿರ್ತದೆ. ಗಮ್ ಬೂಟು ಇಲ್ದೆ ತೋಟಕ್ಕೆ ಇಳೀಬ್ಯಾಡಿ. ಕಚ್ಚಿದ್ರೆ ಹಗ್ಗ ಬಿಗಿಯೋದು, ಕುಯ್ಯೋದು, ನಾಟಿ ಔಷಧಿ ಅಂತ ಅಲೆಯೋದು ಬ್ಯಾಡ. ಕಾಲು ಅಲ್ಲಾಡಿಸ್ದೆ ಸೀದಾ ಆಸ್ಪತ್ರೆ.

ಬಿತ್ತನೆ ಕಾಲ
2024ರಲ್ಲಿ ನಮ್ಮ ರಾಜ್ಯ ಹಾವು ಕಡಿತಾನ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹೊಲದಲ್ಲಿ ಕೆಲಸ ಮಾಡೋರಿಗೆ ಇದು ಅಷ್ಟು ದೊಡ್ಡ ವಿಷಯ.

ಮಳವಳ್ಳಿ ದಾರಿ
ಬ್ಯಾಟರಿದು ತಗೊಳ್ಳಿ, ಸದ್ದೂ ಇಲ್ಲ ಹೊಗೇನೂ ಇಲ್ಲ.

ಕೈತೋಟ ಬೋಗಾದಿ
ನನ್ನ ಹತ್ರ ವೈರ್ ಹಾಕೋ ಕರೆಂಟಿಂದು ಇದೆ. ಮನೆ ಮುಂದಿನ ಹುಲ್ಲುಹಾಸಿಗೆ ಬಹಳ ಚೆನ್ನಾಗಿದೆ. ಆದ್ರೆ ಒಂದೂಮುಕ್ಕಾಲು ಎಕರೆಗೆ ಅದಾಗಲ್ಲ, ಬ್ಯಾಟರಿದೂ ಕಷ್ಟ. ಎರಡು ಮೂರು ಬ್ಯಾಟರಿ ಇಟ್ಕೊಂಡು ಬದಲಾಯಿಸ್ತಾ ಇರ್ಬೇಕು. ಒಂದು ಪೋರ್ಷನ್ ಹಿತ್ತಲಿಗೆ ಸರಿ.

ಸಂತೇಮಾಳ
ಬಾಡಿಗೆಗೆ ತರಬಹುದಲ್ಲ? ಕೃಷಿ ಯಂತ್ರಧಾರೆ ಇದೆ. ವರ್ಷಕ್ಕೆ ಮೂರು ಸಲ ಹೊಡೆಯೋಕೆ ಮಿಷನ್ ಯಾಕೆ?

ತೋಟದಮನೆ ಮದ್ದೂರು
ಎಲ್ಲರಿಗೂ ಒಂದೇ ಸಲ ಮಳೆ ಬರೋದು ಅಣ್ಣ. ಎಲ್ಲರ ತೋಟದಲ್ಲೂ ಒಂದೇ ಸಲ ಕಳೆ. ಬಾಡಿಗೆ ಮಿಷನ್ ಸಿಗೋ ಹೊತ್ತಿಗೆ ಕಾಂಗ್ರೆಸ್ ಗಿಡ ಹೂ ಬಿಟ್ಟಿರ್ತದೆ. ನಾನು ಎರಡು ವರ್ಷ ಬಾಡಿಗೆ ನೋಡಿ ಕೊಂಡಿದ್ದು.

ಬಿತ್ತನೆ ಕಾಲ
ಕೊಳ್ಳೋದಾದ್ರೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೃಷಿ ಯಾಂತ್ರೀಕರಣದಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 50, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡ 90 ಸಹಾಯಧನ. ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ), ಪಹಣಿ, ಆಧಾರ್, ಪಾಸ್‌ಬುಕ್ ತಗೊಂಡು ಹೋಗಿ. ಮೊದಲು ಅಂಗಡಿಲಿ ಕೊಂಡು ಆಮೇಲೆ ಬಿಲ್ಲು ಹಿಡಿದು ಹೋಗಬೇಡಿ. ಅರ್ಜಿ ಮೊದಲು, ಮಿಷನ್ ಆಮೇಲೆ.

ಗ್ಯಾರೇಜು ಮಂಡ್ಯ
ಸಹಾಯಧನದಲ್ಲಿ ಬರೋ ಮಿಷನ್ನಿಗೆ ಪಾರ್ಟ್ಸ್ ಎಲ್ಲಿ ಸಿಗ್ತದೆ ಅಂತ ಮೊದ್ಲೇ ಕೇಳಿ ಅಣ್ಣ. ನನ್ನ ಹತ್ರ ಒಂದು ಮಿಷನ್ ಎರಡು ತಿಂಗಳಿಂದ ಕ್ಲಚ್ ಬೆಲ್‌ಗೆ ಕಾಯ್ತಾ ಕೂತದೆ. ಇಂಜಿನ್ ಚಿನ್ನದಂಗದೆ, ಪಾರ್ಟೇ ಇಲ್ಲ. ರಿಪೇರಿ ಮಾಡೋನು ಹತ್ರ ಇರೋ ಮಿಷನ್ನೇ ಒಳ್ಳೇ ಮಿಷನ್ನು, ಕಂಪನಿ ಹೆಸರು ಆಮೇಲೆ.

ಬೆನ್ನಿಗೆ ಹಾಕೋದು ಕೇಳಿದ್ರಲ್ಲ. ಅದ್ರಲ್ಲಿ ಇಂಜಿನ್ನಿಂದ ರಾಡಿಗೆ ಒಳಗೊಂದು ಕೇಬಲ್ ತಿರುಗ್ತದೆ. ಇಳಿಜಾರು, ಕಾಫಿ ತೋಟ, ಕೊಡಗು ಕಡೆಗೆ ಅದು ಸರಿ. ನಿಮ್ಮದು ಸಮ ಬಯಲು. ಪಕ್ಕಕ್ಕೆ ನೇತಾಕೋದೇ ತಗಳಿ, ಸೈಕಲ್ ಹ್ಯಾಂಡಲ್ ಥರ ಎರಡು ಕೈ ಹಿಡಿ ಇರೋದು. ಬೆಲ್ಟು ಸರಿಯಾಗಿ ಬಿಗಿದ್ರೆ ಕೈ ಬುಟ್ರೂ ಮಿಷನ್ನಿನ ಬ್ಲೇಡ್ ತಲೆ ನೆಲದಿಂದ ನಾಕು ಬೆರಳು ಮೇಲೆ ತೂಗಬೇಕು. ಹಂಗೆ ತೂಗದಿದ್ರೆ ಸಂಜೆಗೆ ಸೊಂಟ ಹೋಯ್ತದೆ.

ಓಡಿಸೋದು. ಬ್ಲೇಡು ಮೇಲಿಂದ ನೋಡಿದ್ರೆ ಎಡಕ್ಕೆ ಸುತ್ತೋದು, ಗಡಿಯಾರದ ಉಲ್ಟಾ. ಅದ್ಕೆ ಬಲದಿಂದ ಎಡಕ್ಕೆ ಬೀಸಿ ಕುಯ್ಯೋದು. ಕುಯ್ದಿದ್ದು ಎಡಕ್ಕೆ ಬೀಳ್ತದೆ, ಕುಯ್ದ ಜಾಗ ನಿಮ್ಮ ಎಡಗಡೆಗೇ ಇರ್ಲಿ. ಬ್ಲೇಡಿನ ಮುಂದಿನ ಬಲಭಾಗ, ಗಡಿಯಾರದಲ್ಲಿ 12ರಿಂದ 3 ಅನ್ನೋ ಜಾಗ, ಅದು ಬೊಡ್ಡೆಗೋ ಕಲ್ಲಿಗೋ ತಗುಲಿದ್ರೆ ಮಿಷನ್ ಧಡ್ ಅಂತ ಒದೀತದೆ. ಲಂಟಾನ ಕುಯ್ಯುವಾಗ ಎಡಭಾಗದಲ್ಲೇ ತಾಗಿಸಿ.

ರೇಸು ಅರ್ಧಕ್ಕೆ ಹಿಡಿದು ಕುಯ್ಬ್ಯಾಡಿ. ಇಂಜಿನ್ನಿಗೆ ಒಳ್ಳೇದು ಅಂದ್ಕಂಡು ಎಲ್ಲಾ ಅದೇ ಮಾಡ್ತಾರೆ. ಒಳಗಿರೋ ಕ್ಲಚ್ಚು ವೇಗ ಬಂದಾಗ ಮಾತ್ರ ಅಗಲವಾಗಿ ಬೆಲ್ ಹಿಡಿಯೋದು. ಅರ್ಧ ರೇಸಲ್ಲಿ ಹಿಡಿದೂ ಹಿಡೀದೆ ಜಾರ್ತದೆ, ಸುಡ್ತದೆ. ಕುಯ್ಯುವಾಗ ಪೂರ್ತಿ ರೇಸು, ನಿಂತಾಗ ಪೂರ್ತಿ ಬಿಡಿ.

ಗಾರ್ಡು ಬಿಚ್ಚೋರು ಜಾಸ್ತಿ ಆಗವ್ರೆ. ದಾರ ಉದ್ದ ಬಂದ್ರೆ ಜಾಸ್ತಿ ಅಗಲ ಕುಯ್ಯಬೋದು ಅಂತ. ಗಾರ್ಡಲ್ಲಿರೋ ಸಣ್ಣ ಚಾಕು ದಾರನ ಅಳತೆಗೆ ಕತ್ತರಿಸೋಕೇ ಇರೋದು. ದಾರ ಉದ್ದ ಆದ್ರೆ ಇಂಜಿನ್ ವೇಗ ಬೀಳ್ತದೆ, ಮತ್ತೆ ಅದೇ ಕ್ಲಚ್ ಕತೆ. ಕಲ್ಲು ನಿಮ್ಮ ಕಾಲಿಗೇ ಬಡೀತದೆ, ಅದು ಬೇರೆ.

ರೇಷ್ಮೆಗೂಡು
ಅಣ್ಣ, ನಿಮ್ಮ ಹತ್ರ ಒಂದು ಕೇಳ್ಬೇಕು. ನಮ್ಮ ಮಿಷನ್ ಸ್ಟಾರ್ಟ್ ಆಗುತ್ತೆ, ಹತ್ತು ನಿಮಿಷ ಓಡುತ್ತೆ, ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಎಳೆದ್ರೆ ಮತ್ತೆ ಹತ್ತು ನಿಮಿಷ. ಪ್ಲಗ್ ಹೊಸದು ಹಾಕಿಸಿದ್ದಾಯ್ತು.

ಗ್ಯಾರೇಜು ಮಂಡ್ಯ
ಅದು ನಿಂತ ತಕ್ಷಣ ಪೆಟ್ರೋಲ್ ಮುಚ್ಚಳ ಸಡಿಲ ಮಾಡಿ ಅಕ್ಕ. ಪುಸ್ ಅಂತ ಗಾಳಿ ಒಳಗೆ ಎಳ್ಕಂಡ್ರೆ ಮುಚ್ಚಳದಲ್ಲಿರೋ ಗಾಳಿ ತೂತು ಕಟ್ಟದೆ. ಪೆಟ್ರೋಲು ಕಮ್ಮಿ ಆದಂಗೆಲ್ಲಾ ಗಾಳಿ ಒಳಗೆ ಹೋಗ್ಬೇಕು, ಇಲ್ದಿದ್ರೆ ಇಂಜಿನ್ನಿಗೆ ಎಳೆಯೋಕಾಗಲ್ಲ.

ರೇಷ್ಮೆಗೂಡು
ಈಗಷ್ಟೇ ನೋಡಿ ಬಂದೆ. ಪುಸ್ ಅಂತು. ತೂತಲ್ಲಿ ಮಣ್ಣು ಗಟ್ಟಿಯಾಗಿತ್ತು, ಪಿನ್ನಿಂದ ತೆಗೆದೆ. ಇಪ್ಪತ್ತೈದು ನಿಮಿಷ ನಿಲ್ಲದೆ ಓಡ್ತು. ಇದಕ್ಕೆ ಎರಡು ಸಲ ರಿಪೇರಿಗೆ ದುಡ್ಡು ಕೊಟ್ಟಿದ್ವಿ. ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣ.

ಮಳವಳ್ಳಿ ದಾರಿ
ಚೋಕ್ ಹಾಕಿ ಹಾಕಿ ಎಳೆದ್ರೂ ಸ್ಟಾರ್ಟ್ ಆಗದಿದ್ರೆ?

ಸೈಟ್ ಕ್ಲೀನಿಂಗ್ ಹುಡುಗ
ಪೆಟ್ರೋಲ್ ಜಾಸ್ತಿ ನುಗ್ಗಿರುತ್ತೆ. ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಇಟ್ಟು ಹಗ್ಗ ಐದಾರು ಸಲ ಎಳೀರಿ, ಒಳಗಿನ ಪೆಟ್ರೋಲ್ ಹಾರಿಹೋಗುತ್ತೆ. ಆಮೇಲೆ ಪ್ಲಗ್ ಹಾಕಿ, ಸ್ವಿಚ್ ಆನ್ ಮಾಡಿ, ಚೋಕ್ ತೆಗೆದು ಎಳೀರಿ. ಬಿಸಿ ಇಂಜಿನ್‌ಗೆ ಚೋಕ್ ಹಾಕೋದೇ ಬೇಡ.

ಗ್ಯಾರೇಜು ಮಂಡ್ಯ
ಪೆಟ್ರೋಲಿಂದೂ ಒಂದು ಮಾತು ಹೇಳ್ಬುಡ್ತೀನಿ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ಶೇಕಡ 20 ಎಥೆನಾಲ್. ಎಥೆನಾಲು ಗಾಳಿಯ ತೇವ ಕುಡೀತದೆ. ಮಿಷನ್ ಮೂರು ತಿಂಗಳು ಟ್ಯಾಂಕ್ ತುಂಬಿಸಿ ಮೂಲೇಲಿ ಇಟ್ರೆ ಕಾರ್ಬರೇಟರ್ ಒಳಗಿನ ತೆಳು ಪದರ ಗಟ್ಟಿಯಾಯ್ತದೆ, ರಬ್ಬರ್ ಪೈಪು ಬಿರೀತದೆ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ಅದಾಗೇ ನಿಲ್ಲೋವರೆಗೂ ಓಡ್ಸಿ. ಬೆರೆಸಿದ ಪೆಟ್ರೋಲು ತಿಂಗಳ ಮೇಲೆ ಇಡ್ಬ್ಯಾಡಿ. ಏರ್ ಫಿಲ್ಟರ್ ಸ್ಪಂಜು ಸೋಪ್ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಬಿಸಿಲುಗಾಲದ ಧೂಳಲ್ಲಿ ದಿನಾ.

ಬ್ಲೇಡಿನ ನಟ್ಟು ಉಲ್ಟಾ ಥ್ರೆಡ್ಡು. ನಟ್ಟಿನ ಎದುರು ನಿಂತು ಗಡಿಯಾರದ ಮುಳ್ಳು ತಿರುಗೋ ಕಡೆ ತಿರುಗ್ಸಿದ್ರೆ ಬಿಚ್ಚೋದು. ಗೇರ್ ತಲೆ ತೂತಿಗೆ ಅಲೆನ್ ಕೀ ತೂರಿಸಿ ಹಿಡಿದು ಬಿಚ್ಚಿ. ವಾರಕ್ಕೊಬ್ಬರು ಅದನ್ನ ಬಿಗಿಯೋ ಕಡೆಗೇ ತಿರುಗ್ಸಿ ಥ್ರೆಡ್ಡು ತಿಂದು ತತ್ತಾರೆ.

ನಾಲೆಬಯಲು
ಇಷ್ಟು ದಿನ ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಮೂರು ವಾರ ಆಯ್ತು. ರೈತ ಸಂಪರ್ಕ ಕೇಂದ್ರದಲ್ಲಿ ಈ ಸಾಲಿಗೆ ಅರ್ಜಿ ಮುಗಿದಿತ್ತು, ಕಾಯೋಕೆ ಕಳೆ ಬಿಡಲ್ಲ ಅಂತ ಕೈಯಿಂದಲೇ ಹಾಕಿ 35 ಸಿಸಿ 4 ಸ್ಟ್ರೋಕ್, ಪಕ್ಕಕ್ಕೆ ನೇತಾಕೋದು ತಗೊಂಡೆ. ಮನೆಯಿಂದ ಹದಿನೈದು ಕಿಲೋಮೀಟರಿಗೆ ಸರ್ವೀಸ್ ಇದೆ, ಪಾರ್ಟ್ಸ್ ಕಣ್ಣಾರೆ ನೋಡಿ ಬಂದೆ. ಶೀಲ್ಡ್, ಕನ್ನಡಕ, ಗಮ್ ಬೂಟು ಅದೇ ದಿನ ತಂದೆ.

ಎರಡು ಶನಿವಾರ ಎರಡು ಭಾನುವಾರಕ್ಕೆ ಸಾಲಿನ ಮಧ್ಯ ಎಲ್ಲಾ ಮುಗೀತು. ಸಸಿ ಸುತ್ತ ಅಮ್ಮ ನಾನು ಕೈಯಲ್ಲೇ ಕಿತ್ತು ಸಿಪ್ಪೆ ಮುಚ್ಚಿದ್ವಿ. ಸೀಮೆಹುಲ್ಲು 80 ಹಲ್ಲಿನದ್ರಲ್ಲಿ ಕುಯ್ದೆ, ನಾಗಮಂಗಲದ ಅಣ್ಣ ಹೇಳಿದ ಹಾಗೇ ಮಲಗ್ತು, ಹಸು ಮೂಸಿ ಬಿಡಲಿಲ್ಲ, ತಿಂದ್ವು. ಡ್ರಿಪ್ ಎತ್ತಿದ್ರೂ ಎರಡು ಕಡೆ ಕಟ್ ಆಯ್ತು. ಸಂಜೆ ಅಮ್ಮ ತೋಟದ ಬಾಯಲ್ಲಿ ನಿಂತು ಬಹಳ ಹೊತ್ತು ನೋಡಿದ್ರು. ಅಪ್ಪ ಇದ್ದಾಗಿನ ಥರಾನೇ ಕಾಣ್ತಿದೆ ಅಂದ್ರು.

ಒಂದು ಅನುಮಾನ. ಅರ್ಧ ಗಂಟೆ ಹೊಡೆದ ಮೇಲೆ ಗೇರ್ ತಲೆ ಮುಟ್ಟೋಕಾಗದಷ್ಟು ಬಿಸಿ. ಸರಿನಾ?

ಗ್ಯಾರೇಜು ಮಂಡ್ಯ
ಬೆಚ್ಚಗಾದ್ರೆ ಸರಿ, ಮುಟ್ಟೋಕೇ ಆಗಲ್ಲ ಅಂದ್ರೆ ಗ್ರೀಸ್ ಇಲ್ಲ ಅಂತ ಅರ್ಥ. ಹೊಸ ಮಿಷನ್ನಲ್ಲಿ ಎಷ್ಟೋ ಸಲ ಕಮ್ಮಿ ಹಾಕಿರ್ತಾರೆ. ಪಕ್ಕದಲ್ಲೊಂದು ಸ್ಕ್ರೂ ಇರ್ತದೆ, ಬಿಚ್ಚಿ ಲಿಥಿಯಂ ಗ್ರೀಸ್ ತುಂಬಿ, ಬ್ಲೇಡು ಕೈಯಲ್ಲಿ ಎರಡು ಸುತ್ತು ತಿರುಗ್ಸಿ ಮತ್ತೆ ತುಂಬಿ. ಇಂಜಿನ್ ಆಫ್ ಇರ್ಲಿ, ಪ್ಲಗ್ ಕ್ಯಾಪ್ ಬಿಚ್ಚಿರ್ಲಿ, ಕೈಗೆ ಗ್ಲೌಸ್ ಇರ್ಲಿ. ಆಮೇಲೆ 20, 25 ಗಂಟೆಗೊಂದ್ಸಲ. ಲಂಟಾನ ಮುಟ್ಟೋಕೆ ಮುಂಚೆ ಇದನ್ನ ಮಾಡ್ಬುಡಿ.

ನಾಲೆಬಯಲು
ಬಿಚ್ಚಿ ನೋಡಿದೆ ಅಣ್ಣ, ಒಳಗೆ ಹೆಚ್ಚುಕಮ್ಮಿ ಒಣಗಿತ್ತು. ತುಂಬಿದೆ. ನಾಳೆ ನಾಲೆ ಕಡೆ ಬದು.